ಬಾಲವಿರುವ ಬಟ್ಟೆ

ರಿಪೇರಿ ಮಾಡಿದವರೇ ಮೊದಲ ಹಾರಾಟಕ್ಕೆ ಜೊತೆಗೆ ಹತ್ತಬೇಕು. ಆ ವಿಮಾನದ ಶೆಡ್ಡಿನಲ್ಲಿ ಹಾಗೊಂದು ಕಟ್ಟಳೆ ಮಾಡಿದವರು ಮೇಸ್ತ್ರಿಯೇ. ಹಾಗಾಗಿ ಆ ಬೆಳಿಗ್ಗೆ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಸೊಸೆಯ ಪಕ್ಕ ಬೆಲ್ಟು ಬಿಗಿದು ಕೂತಿದ್ದರು. ಇಂಜಿನ್ ಬಿಚ್ಚಿ ಕಟ್ಟಿದವರು ಮಾವ, ಹಾರಿಸುವವಳು ಸೊಸೆ.

"ಸೀಟನ್ನ ಅಷ್ಟು ಗಟ್ಟಿ ಹಿಡ್ಕೋಬೇಡಿ ಮಾವ. ಕಿತ್ತು ಬಂದ್ರೆ ಅದನ್ನೂ ನೀವೇ ರಿಪೇರಿ ಮಾಡ್ಬೇಕು."

"ನೀನು ಮುಂದೆ ನೋಡು ತಾಯಿ."

ವಿಮಾನ ಓಡಿತು. ಪಾರಾಯಣ ಕೇಳಲು ಕೂತವರ ಹಾಗೆ ಮೇಸ್ತ್ರಿ ಅರ್ಧ ಕಣ್ಣು ಮುಚ್ಚಿ ಇಂಜಿನ್ನಿನ ದನಿಗೆ ಕಿವಿಗೊಟ್ಟಿದ್ದರು. ಚಕ್ರ ನೆಲ ಬಿಟ್ಟಿತು. ಮನೆಯ ಮಾಡಿನೆತ್ತರ ಏರಿದ್ದರೋ ಇಲ್ಲವೋ, ಓದುವವರ ಗಂಟಲು ಕಟ್ಟಿದಂತೆ ಆ ದನಿ ಸಾಲಿನ ನಡುವೆಯೇ ಕುಸಿಯಿತು.

ಸೊಸೆ ವಿಮಾನದ ಮೂಗು ತಗ್ಗಿಸಿ, ಎದುರಿಗೆ ಉಳಿದಿದ್ದ ರನ್‌ವೇ ಮೇಲೆಯೇ ಇಳಿಸಿದಳು. ಧಡ್ಡೆಂದಿತು, ಬ್ರೇಕು ಕಿರುಚಿತು, ಹುಲ್ಲಿನಂಚಿಗೆ ಬಂದು ನಿಂತಿತು. ಮೇಸ್ತ್ರಿಯ ಬಾಯಲ್ಲಿ ದೇವರ ಹೆಸರು ಅರ್ಧಕ್ಕೇ ಸಿಕ್ಕಿಕೊಂಡಿತ್ತು; ಈಗ ಪೂರ್ತಿ ಮಾಡಿದರು.

ಶೆಡ್ಡಿಗೆ ತಳ್ಳಿ ತಂದು ಇಂಜಿನ್ನಿನ ಮುಚ್ಚಳ ತೆಗೆದರೆ, ಗಾಳಿ ಹೀರುವ ಕೊಳವೆಯೊಳಗೆ ಹಳದಿ ಹೂವಿನ ಒರೆಸುವ ಬಟ್ಟೆ! ನಟ್ಟು ಒಳಗೆ ಬೀಳದಿರಲೆಂದು ಕೊಳವೆಯ ಬಾಯಿಗೆ ತುರುಕಿದವರು ಮೇಸ್ತ್ರಿಯೇ, ತೆಗೆಯಲು ಮರೆತವರೂ ಅವರೇ. ನೆಲದ ಮೇಲೆ ನಿಲ್ಲಿಸಿಯೇ ಇಂಜಿನ್ ಓಡಿಸಿ ನೋಡಿದಾಗ ಬದಿಗೆ ಅಂಟಿಕೊಂಡು ಸುಮ್ಮನಿದ್ದದ್ದು, ಮೇಲೇರುವಾಗ ಉಂಡೆಯಾಗಿ ಗಾಳಿಗೇ ಅಡ್ಡ ಕೂತಿತ್ತು.

ಮೇಸ್ತ್ರಿ ಸ್ಪ್ಯಾನರು ಕೆಳಗಿಟ್ಟರು. "ಇನ್ನು ಈ ಕೈಯನ್ನ ನಂಬಬೇಡಮ್ಮ. ಬೇರೆ ಯಾರನ್ನಾದ್ರೂ ನೋಡ್ಕೋ."

"ಬೇರೆಯವರು ನನ್ನ ಪಕ್ಕ ಕೂರ್ತಾರಾ?" ಸೊಸೆ ಸ್ಪ್ಯಾನರನ್ನು ಅವರ ಜೇಬಿಗೆ ಸೇರಿಸಿದಳು. ಬಟ್ಟೆ ಬಿಡಿಸಿ ನೋಡಿದಳು. "ಅಯ್ಯೋ, ಅತ್ತೆ ಹುಡುಕ್ತಿರೋ ದಿಂಬಿನ ಕವರು ಇದೇನಾ? ಇಂಜಿನ್ನಿಂದ ಬಚಾವಾದ್ರಿ ಮಾವ, ಅತ್ತೆಯಿಂದ ಕಷ್ಟ ಇದೆ."

ಸಂಜೆ ವಿಷಯ ಕೇಳಿದ ಅತ್ತೆ ಕವರಿನ ಸುದ್ದಿಯನ್ನೇ ಎತ್ತಲಿಲ್ಲ. ಸೊಸೆಯ ಕೆನ್ನೆ ಮುಟ್ಟಿ ನೋಡಿದರು. ಗಂಡನ ಕಡೆ ತಿರುಗಿ, "ಇವಳಿಗೆ ಏನಾದ್ರೂ ಆಗಿದ್ರೆ?" ಎಂದರು. ಅತ್ತೆ ಒಳಗೆ ಹೋಗಿ ಹೊಲಿಗೆ ಮಿಷನ್ನಿಗೆ ಕೂತರು. ಊಟದ ಹೊತ್ತಿಗೆ ಶೆಡ್ಡಿನಿಂದ ತರಿಸಿದ ಒರೆಸುವ ಬಟ್ಟೆಗಳಿಗೆಲ್ಲ ಮೊಳದುದ್ದದ ಕೆಂಪು ಪಟ್ಟಿ ಬಂದಿತ್ತು.

"ತಗೊಳ್ಳಿ. ಎಲ್ಲಿ ತುರುಕಿದ್ರೂ ಬಾಲ ಹೊರಗೆ ನೇತಾಡುತ್ತೆ. ಕೋತಿ ಹೇಗೂ ಮನೇಲೇ ಇದೆ."

ಮೇಸ್ತ್ರಿಗೆ ಅಂದು ಅನ್ನ ಗಂಟಲಲ್ಲಿ ಇಳಿದದ್ದು ಆ ಬೈಗುಳದ ಮೇಲೆಯೇ.

ಇಂಜಿನ್ ಪೂರ್ತಿ ಬಿಚ್ಚಿ ನೋಡಿ ಮತ್ತೆ ಕಟ್ಟಿದ ಮೇಲೆ ಇಬ್ಬರೂ ವಿಮಾನ ಹತ್ತಿ ರನ್‌ವೇ ತುದಿಗೆ ಬಂದು ನಿಂತರು.

"ಮಾವ, ಬಾಲಗಳು?"

"ಎಲ್ಲಾ ನನ್ನ ಮಡಿಲಲ್ಲಿವೆ."

ವಿಮಾನ ಏರಿತು. ಮಾಡಿನೆತ್ತರ ದಾಟಿತು. ಮೇಸ್ತ್ರಿ ಇಂಜಿನ್ನಿಗೆ ಕಿವಿಗೊಟ್ಟರು. ದನಿ ಸಾಲು ಮುಗಿಸಿ ಮುಂದಿನ ಸಾಲು ಹಿಡಿಯಿತು. ಕೆಳಗೆ ಬೇಲಿಯ ಬಳಿ ಹಣೆಗೆ ಕೈ ಅಡ್ಡ ಹಿಡಿದು ಹೆಂಡತಿ ನಿಂತಿದ್ದರು. ಮೇಸ್ತ್ರಿ ಕೈಗೆ ಸಿಕ್ಕ ಬಟ್ಟೆಯನ್ನೇ ಕಿಟಕಿಯ ಗಾಜಿಗೆ ಹಿಡಿದು ಬೀಸಿದರು. ಕೆಂಪು ಬಾಲ ಅತ್ತಿತ್ತ ಕುಣಿಯಿತು.

"ಅತ್ತೆ ಹೇಳಿದ್ದು ನಿಜ ಮಾವ," ಎಂದಳು ಸೊಸೆ.