ಗೆರೆ ಎಳೆಯುವಾಗಿನ ಉಸಿರು

ನನ್ನ ಗಂಡ ಬೋರ್ಡ್ ಬರೆಯುವವರು. ಅಂಗಡಿಯ ಹಣೆಯಾಗಲಿ, ಶಾಲೆಯ ಗೋಡೆಯಾಗಲಿ, ಲಾರಿಯ ಹಿಂಬದಿಯಾಗಲಿ, ಕೈಯಲ್ಲಿ ಬ್ರಷ್ ಹಿಡಿದರೆಂದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಅವರಿಗೆ ಗೊತ್ತಾಗುವುದಿಲ್ಲ. ಉದ್ದ ಗೆರೆ ಎಳೆಯುವಾಗ ಅವರು ಉಸಿರು ಬಿಗಿಹಿಡಿಯುತ್ತಾರೆ. ಗೆರೆಯ ಈ ತುದಿಯಲ್ಲಿ ಹಿಡಿದ ಉಸಿರನ್ನು ಬಿಡುವುದು ಆ ತುದಿಯಲ್ಲೇ. ಉಸಿರಾಡಿದರೆ ಕೈ ಅಲುಗುತ್ತದೆ ಅಂತ ಅವರಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರಂತೆ. ಅದು ಏಣಿಯ ಮೇಲಷ್ಟೇ ನಡೆಯುತ್ತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮನೆಯಲ್ಲಿ ಚಿಂತೆ ಬಂದಾಗಲೂ ಈ ಮಹಾರಾಯರು ಅದನ್ನೇ ಮಾಡುತ್ತಾರೆ. ಉಸಿರೂ ಇಲ್ಲ, ಮಾತೂ ಇಲ್ಲ. ಚಿಂತೆ ಕಳೆದ ಮೇಲೆ ಉಸ್ಸಂತ ಗಾಳಿ ಬಿಟ್ಟು, "ಇವತ್ತೇನ್ ಅಡುಗೆ?" ಅಂತ ಕೇಳುತ್ತಾರೆ. ಆಗ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಬಟ್ಟೆ ಹೊಲಿಯುವವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಟೇಪು ಕೊರಳಲ್ಲೇ ಇರುತ್ತದೆ. ಒಂದು ಮಧ್ಯಾಹ್ನ ಯಾರದೋ ಕೋಟಿನ ತೋಳು ಅಳೆಯಲು ಆ ಟೇಪನ್ನು ಎಳೆದುಕೊಳ್ಳುವಾಗ ಕತ್ತಿನ ಪಕ್ಕದಲ್ಲಿ ಏನೋ ಬೆರಳಿಗೆ ತಗುಲಿತು. ಗಂಟು. ಅಂಗಿಯ ಗುಂಡಿಯಷ್ಟು ದಪ್ಪ. ನೋವಿಲ್ಲ, ಕೆಂಪಿಲ್ಲ, ಸುಮ್ಮನೆ ಕೂತಿತ್ತು, ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮುಟ್ಟಿ ನೋಡಿದರು. ಸೂಜಿ ಚುಚ್ಚಿ ಅದರೊಳಗಿನದನ್ನು ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟ ಗಂಟೋ ಅಲ್ಲವೋ ಅನ್ನುವುದು ಮುಂದಿನ ವಾರ ಗೊತ್ತಾಗುತ್ತದೆ ಅಂದರು. ಪಕ್ಕಕ್ಕೆ ತಿರುಗಿ ನೋಡಿದರೆ ಗಂಟು ಇರುವುದು ನನಗೆ, ಮುಖ ಬಿಳಿಚಿಕೊಂಡಿರುವುದು ನನ್ನ ಗಂಡನದು. ಉಸಿರು ಹಿಡಿದು ನಿಂತಿದ್ದರು.

ನರ್ಸಮ್ಮ ಅದನ್ನು ನೋಡಿ ನಮ್ಮಿಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

"ನೋಡಿ, ಕಾಯೋದೇ ಇದರಲ್ಲಿ ಕಷ್ಟದ ಕೆಲಸ. ಮನಸ್ಸು ಎಲ್ಲೆಲ್ಲಿಗೋ ಓಡುತ್ತೆ. ಓಡಿದಾಗ ಬೈಬೇಡಿ. ಮೆಲ್ಲಗೆ ಉಸಿರು ಎಳ್ಕೊಳ್ಳಿ, ಇನ್ನೂ ಮೆಲ್ಲಗೆ ಬಿಡಿ. ಒಳಗೆ ಹೋಗೋದನ್ನ ಗಮನಿಸಿ, ಹೊರಗೆ ಬರೋದನ್ನ ಗಮನಿಸಿ. ಅಷ್ಟೇ."

"ಅಷ್ಟಕ್ಕೆ ಗಂಟು ಕರಗುತ್ತಾ?" ಅಂದೆ ನಾನು.

"ಕರಗಲ್ಲಮ್ಮ. ನೀವು ಕರಗಿ ಹೋಗದೆ ಇರೋಕೆ," ಅಂದರು ನರ್ಸಮ್ಮ. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಪಕ್ಕದಲ್ಲಿರೋರು ಸಮಾಧಾನವಾಗಿ ಉಸಿರಾಡಿದ್ರೆ ಅವರಿಗೂ ಸುಲಭ ಆಗುತ್ತೆ, ಅಣ್ಣ," ಅಂದರು. ಇವರು ಪಾಠ ಕೇಳುವ ಹುಡುಗನಂತೆ ತಲೆಯಾಡಿಸಿದರು.

ಮನೆಗೆ ಬಂದು ನಾನೂ ಪ್ರಯತ್ನಪಟ್ಟೆ. ಆದರೆ ಮಷೀನಿನ ಮುಂದೆ ಕೂತಾಗ ನನ್ನ ಬಾಯಲ್ಲಿ ಸದಾ ಗುಂಡುಸೂಜಿಗಳಿರುತ್ತವೆ. ಅವನ್ನು ಕಚ್ಚಿಕೊಂಡು ದೀರ್ಘವಾಗಿ ಉಸಿರೆಳೆಯಹೋಗಿ ಒಂದನ್ನು ನುಂಗುವುದರಲ್ಲಿದ್ದೆ. ಗಂಟಿನಿಂದ ಹೋಗುವ ಜೀವ ಗುಂಡುಸೂಜಿಯಿಂದ ಹೋದರೆ ಜನ ನಗುವುದಿಲ್ಲವೇ? ಸೂಜಿಗಳನ್ನು ಡಬ್ಬಿಗೆ ಹಾಕಿ ಮತ್ತೆ ಕೂತೆ. ಒಳಗೆ, ಹೊರಗೆ. ಒಂದು ಗಳಿಗೆ ನಿಜವಾಗಿಯೂ ಹಗುರವೆನಿಸಿತು. ಮರುಗಳಿಗೆಗೆ, ನಾನಿಲ್ಲದಿದ್ದರೆ ಈ ಮನುಷ್ಯನಿಗೆ ಬಣ್ಣದ ಕೆಲಸಕ್ಕೆ ಹಾಕುವ ಅಂಗಿ ಯಾವುದು, ನಾಲ್ಕು ಜನರ ಮುಂದೆ ಹಾಕುವ ಅಂಗಿ ಯಾವುದು ಅಂತ ಯಾರು ಹೇಳುತ್ತಾರೆ ಅನ್ನುವ ಯೋಚನೆ ಬಂದು ಕಣ್ಣು ತುಂಬಿತು. ಮತ್ತೆ ಮೊದಲಿನಿಂದ ಶುರುಮಾಡಿದೆ.

ಇವರು ಆ ಉಸಿರಿನ ಪಾಠವನ್ನು ಕೆಲಸದ ಜಾಗಕ್ಕೇ ಒಯ್ದಿದ್ದರು. ಬೇಕರಿಯೊಂದರ ಬೋರ್ಡಿಗೆ ಅಂಚಿನ ಗೆರೆ ಎಳೆಯುತ್ತಾ, ನರ್ಸಮ್ಮ ಹೇಳಿದಂತೆ ನಡುವೆಯೇ ಹೊಟ್ಟೆ ತುಂಬ ಉಸಿರೆಳೆದರಂತೆ. ಗೆರೆ ಹಾವಿನಂತೆ ಸೊಟ್ಟಗಾಯಿತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆದರೆ ಮತ್ತೆ ಸೊಟ್ಟ. ಬೇಕರಿಯವನು ಕೆಳಗಿನಿಂದ, "ಏನ್ ಗುರುಗಳೇ, ಅದು ಗೆರೆನೋ ಜಿಲೇಬಿನೋ?" ಅಂದನಂತೆ. ಸಂಜೆ ಮುಖ ಊದಿಸಿಕೊಂಡು ಬಂದರು.

"ಉಸಿರಾಡ್ತಾ ಗೆರೆ ಎಳೆಯೋಕಾಗಲ್ಲ ಕಣೇ."

"ಗೆರೆ ಹಾಳಾಗ್ಲಿ. ನಿಮಗೆ ಹೆದರಿಕೆ ಆಗ್ತಿದೆ ಅಂತ ಒಂದ್ಸಲ ಬಾಯ್ಬಿಟ್ಟು ಹೇಳೋಕೇನ್ರೀ ಕಷ್ಟ?"

"ನಂಗೇನ್ ಹೆದರಿಕೆ? ಏನೂ ಆಗಲ್ಲ ಬಿಡೆ."

ಆ "ಬಿಡೆ" ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳಿಗೆ ಈ ಮನುಷ್ಯ ಗಿಲೀಟು ಮಾತಾಡುತ್ತಾರಲ್ಲ! ಹೆದರಿಕೆಯಲ್ಲಿ ನನ್ನನ್ನು ಒಂಟಿಯಾಗಿ ಬಿಟ್ಟು ತಾವು ಏಣಿ ಹತ್ತಿ ಕೂತಿದ್ದಾರೆ ಅನಿಸಿತು. ನನಗೆ ಗಂಟಿಗಿಂತ ಅದೇ ಹೆಚ್ಚು ನೋಯುತ್ತಿತ್ತು. ಅಂದಿನಿಂದ ಅವರು ಊಟವಾದೊಡನೆ ಹಳೆಯ ಪೇಪರ್ ಕಟ್ಟು, ಬ್ರಷ್ಷು ತೆಗೆದುಕೊಂಡು ಹಿಂದಿನ ಕೋಣೆ ಸೇರತೊಡಗಿದರು. ಬಾಕಿ ಕೆಲಸವಿರಬೇಕು ಅಂದುಕೊಂಡು ನಾನೂ ಮಾತಾಡಿಸಲು ಹೋಗಲಿಲ್ಲ.

ಫಲಿತಾಂಶದ ದಿನ ನಾನೇ ಮುಂದಾಗಿ ಹೊರಟೆ. ಚೀಲ ನಾನೇ ಹಿಡಿದೆ, ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳವನ್ನೂ ನಾನೇ ಆಡಿದೆ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ, ಡಾಕ್ಟರಮ್ಮನ ಬಾಗಿಲು ತೆರೆದು ನಮಗಿಂತ ಮೊದಲು ಹೋದ ಹೆಂಗಸೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಬಂದದ್ದನ್ನು ಕಂಡಿದ್ದೇ ತಡ, ನನ್ನ ಜಂಬವೆಲ್ಲ ಇಳಿದುಹೋಯಿತು. ಉಸಿರು ಒಳಗೂ ಹೋಗದು, ಹೊರಗೂ ಬಾರದು. ನರ್ಸಮ್ಮ ಹೇಳಿದ್ದೆಲ್ಲ ಮರೆತೇಹೋಯಿತು.

ಇವರು ನನ್ನ ಬಲಗೈಯನ್ನು ಎಳೆದು ತಮ್ಮ ತೊಡೆಯ ಮೇಲೆ ಬಿಡಿಸಿಟ್ಟುಕೊಂಡರು. ಬೋರ್ಡಿನ ಹಲಗೆಯನ್ನು ಸವರಿದಂತೆ ಅಂಗೈಯನ್ನು ಒಮ್ಮೆ ಸವರಿದರು. ಆಮೇಲೆ ತೋರುಬೆರಳಿನಿಂದ ಅದರ ಮೇಲೆ ಬರೆಯತೊಡಗಿದರು.

"ಬೆರಳು ಎತ್ತಿದಾಗ ಉಸಿರು ಎಳ್ಕೋ," ಅಂದರು ಕಿವಿಯ ಹತ್ತಿರ. "ಗೆರೆ ಎಳೆಯೋವಾಗ ಬಿಡು. ಗೆರೆ ಮುಗಿಯೋವರೆಗೂ ಬಿಡ್ತಾನೇ ಇರು. ಆತುರ ಇಲ್ಲ."

ಬೆರಳು ಮೇಲೆದ್ದಿತು, ಅವರೂ ಉಸಿರೆಳೆದರು. ಬೆರಳು ಇಳಿದು ದುಂಡಗೆ ಸುತ್ತಿ ಬಂತು, ಅವರ ಉಸಿರೂ ಅಷ್ಟೇ ನಿಧಾನವಾಗಿ ಹೊರಬಂತು. ಮೊದಲ ಅಕ್ಷರಕ್ಕೆ ನನ್ನ ಉಸಿರು ತುಂಡುತುಂಡಾಯಿತು. ಎರಡನೆಯದಕ್ಕೆ ಸ್ವಲ್ಪ ದೂರ ಹೋಯಿತು. ಮೂರನೆಯದು ಮುಗಿಯುವವರೆಗೂ ಜೊತೆಗಿತ್ತು. ಅವರ ಬೆರಳು ಒಂದಿಷ್ಟೂ ಅಲುಗಲಿಲ್ಲ.

ಆಗ ನನಗೆ ತಿಳಿಯಿತು. ಹಿಂದಿನ ಕೋಣೆಯಲ್ಲಿ ಪೇಪರಿನ ಮೇಲೆ ಇವರು ಮಾಡುತ್ತಿದ್ದದ್ದು ಬಾಕಿ ಕೆಲಸವಲ್ಲ. ಬ್ರಷ್ ಹಿಡಿದ ದಿನದಿಂದ ಮೈಗೆ ಹತ್ತಿದ ಅಭ್ಯಾಸವನ್ನು ಬಿಚ್ಚಿ, ಉಸಿರು ಬಿಡುತ್ತಾ ಗೆರೆ ಎಳೆಯುವುದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುತ್ತಿದ್ದರು. ನನ್ನ ಪಕ್ಕದಲ್ಲಿ ಕೂರಲು. ಅಯ್ಯೋ ನನ್ನ ರಾಜ ಅನಿಸಿತು.

"ಏನ್ರೀ ಬರೀತಿದೀರ?"

"ನೀನೇ ಓದು."

ಕಣ್ಣು ಮುಚ್ಚಿ, ಬೆರಳಿನ ಹಾದಿ ಹಿಡಿದು ಕೂಡಿಸಿ ಓದಿದೆ: "ಹಸಿ ಬಣ್ಣ, ಮುಟ್ಟಬೇಡಿ."

"ಬೇರೇನೂ ತೋಚಲಿಲ್ಲ ಕಣೇ. ಇದು ಕೈಗೆ ಚೆನ್ನಾಗಿ ಕೂತಿದೆ," ಅಂದರು ಸಂಕೋಚದಿಂದ. ನನಗೆ ನಗು ತಡೆಯಲಾಗಲಿಲ್ಲ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದರಲ್ಲಿ ಕೆಟ್ಟದ್ದೇನೂ ಕಂಡಿಲ್ಲ. ಆದರೆ ಪರೀಕ್ಷೆಗೆ ಸಾಕಾಗೋಷ್ಟು ಸೂಜೀಲಿ ಬಂದೂ ಇಲ್ಲ. ಇನ್ನೊಂದು ಸಲ ತೆಗೀಬೇಕು. ಮತ್ತೊಂದು ವಾರ ಕಾಯ್ಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡಿ," ಅಂದರು. ಹೌದೂ ಅಲ್ಲ, ಇಲ್ಲವೂ ಅಲ್ಲ. ಅವರು ಮತ್ತೆ ಸೂಜಿ ಚುಚ್ಚಿದರು. ನಾನು ಉಸಿರನ್ನು ಮೆಲ್ಲಗೆ ಬಿಡುತ್ತಾ ಕೂತೆ. ಇವರು ಗೋಡೆಗೆ ಒರಗಿ ಅದನ್ನೇ ಮಾಡುತ್ತಿದ್ದರು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಂದು ಕೂತೆವು. ಕತ್ತಿಗೆ ಅಂಟಿಸಿದ ಹತ್ತಿ ಕಚಗುಳಿ ಇಡುತ್ತಿತ್ತು. ಇವರು ಇನ್ನೇನು "ಏನೂ ಆಗಲ್ಲ ಬಿಡೆ" ಅನ್ನುತ್ತಾರೆ ಅಂತ ಕಾದೆ. ಹಾಗೆ ಅಂದರೂ ಈ ಸಲ ಜಗಳ ಆಡಬಾರದು ಅಂತಲೂ ನಿಶ್ಚಯಿಸಿಕೊಂಡಿದ್ದೆ. ಅವರು ದೀರ್ಘವಾಗಿ ಉಸಿರೆಳೆದುಕೊಂಡರು. ಅದನ್ನು ಬಿಡುತ್ತಾ, ಬಿಡುತ್ತಾ, ಆ ಉಸಿರಿನ ಜೊತೆಗೇ ಮಾತು ಹೊರಬಂತು.

"ನಂಗೆ ತುಂಬಾ ಹೆದರಿಕೆ ಆಗ್ತಿದೆ ಕಣೇ. ನೀನಿಲ್ಲದೆ ಹೇಗಿರೋದು ಅಂತ ನಂಗೆ ಗೊತ್ತಿಲ್ಲ."

ಹಾಗೆ ಹೇಳಿ ಅಳತೊಡಗಿದರು. ನಡುಬೀದಿಯಲ್ಲಿ, ಹಾಡುಹಗಲಿನಲ್ಲಿ, ಬಣ್ಣ ಮೆತ್ತಿದ ಕೈಯಿಂದ ಕಣ್ಣೊರೆಸಿಕೊಳ್ಳುತ್ತಾ. ನಾನು ಅವರ ತಲೆಯನ್ನು ಭುಜಕ್ಕೆ ಒರಗಿಸಿಕೊಂಡೆ. ನನಗೂ ಹೆದರಿಕೆ ಇತ್ತು. ಆದರೆ ಈಗ ನಾನು ಒಬ್ಬಳೇ ಇರಲಿಲ್ಲ.

"ನಂಗೂ ರೀ," ಅಂದೆ. "ನಂಗೂ ತುಂಬಾ ಹೆದರಿಕೆ."

ನಮ್ಮ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿ, "ಬರ್ತೀರಾ?" ಅಂತ ಕೇಳಿದ. ಮುಂದಿನದಕ್ಕೆ ಬರುತ್ತೇವೆ ಅಂತ ಕೈ ಆಡಿಸಿದೆ.