ತಗಡು ಕಂಡರೆ ಮನೆ

ನಮ್ಮ ಕಾಕಾ ದಾದಾಸಾಹೇಬ, ಅಪ್ಪನ ಸಮಾಧಿಯ ಮೇಲೆ ತಗಡು ಹೊದಿಸಿದಾಗ ಊರೆಲ್ಲ ಅವನನ್ನು ಹೊಗಳಿತು. ಸತ್ತ ಅಣ್ಣನೂ ಮಳೆಯಲ್ಲಿ ನೆನೆಯಬಾರದಂತೆ, ಎಂಥ ಕರುಳು! ಅಪ್ಪ ಗಡಹಿಂಗ್ಲಜದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿದ್ದಾಗ ಈ ಕರುಳು ಒಂದು ದಿನವೂ ಆ ಕಡೆ ತಲೆ ಹಾಕಿರಲಿಲ್ಲ. ನಾನು ಅವನನ್ನು ಅಂದೂ ನಂಬಲಿಲ್ಲ, ಇಂದೂ ನಂಬುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಾಗ ಮೂರು ಗುಂಟೆಯ ಒಂದು ಮೂಲೆಯನ್ನು ಯಾರ ಪಾಲಿಗೂ ಹಾಕದೆ, ಎರಡೂ ಮನೆಯ ಹಿರಿಯರ ಸಮಾಧಿಗೆಂದು ಜಂಟಿಯಾಗಿ ಬಿಟ್ಟರು. ಮೂರು ವರ್ಷದಿಂದ ಅಪ್ಪ ಅಲ್ಲಿದ್ದಾನೆ. ಅವ್ವ ಸೋಮವಾರ ಬಿಡದೆ ಹೋಗಿ ದೀಪ ಹಚ್ಚುತ್ತಾಳೆ. ಹಚ್ಚಿ, ಅವನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿ, "ಇದು ನಂದು" ಎನ್ನುತ್ತಾಳೆ. ಅವಳಿಗೆ ಉಳಿದಿರುವ ಆಸೆ ಅದೊಂದೇ.

ನಾನು ಕೊಲ್ಹಾಪುರದಲ್ಲಿ ನಕಾಶೆ ಮಾಡುವ ಒಂದು ಕಂಪನಿಯಲ್ಲಿದ್ದೇನೆ. ಬಹಳ ಎತ್ತರದಲ್ಲಿ ಹಾರುವ ವಿಮಾನ ತೆಗೆದ ಫೋಟೋಗಳನ್ನು ಕಂಪ್ಯೂಟರಿಗೆ ತಿನ್ನಿಸುತ್ತೇವೆ. ಇದು ಮನೆ, ಇದು ದಾರಿ, ಇದು ಬಾವಿ ಎಂದು ಅದು ತಾನೇ ಗುರುತಿಸಿ ಗೆರೆ ಎಳೆಯುತ್ತದೆ. ಆ ಎತ್ತರದಿಂದ ಮನುಷ್ಯ ಕಾಣುವುದಿಲ್ಲ, ಮನುಷ್ಯ ಹೊದಿಸಿದ್ದು ಮಾತ್ರ ಕಾಣುತ್ತದೆ.

ಅದಕ್ಕೆ ಕಲಿಸಿದವರು ನಾವು. ಎರಡು ವರ್ಷ ಹನ್ನೊಂದು ಹುಡುಗಿಯರು ಕೂತು ಇಚಲಕರಂಜಿಯ ಫೋಟೋಗಳ ಮೇಲೆ ಒಂದೊಂದೇ ಮನೆಯ ಸುತ್ತ ಗೆರೆ ಹಾಕಿ ತೋರಿಸಿದರು. ಹೆಚ್ಚಿನವರು ಪಕ್ಕದ ಕಬನೂರಿನವರು, ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರು. ಅವರ ಊರಲ್ಲಿ ಎಲ್ಲಿ ತಗಡು ಇದೆಯೋ ಅದರ ಕೆಳಗೆ ನಾಲ್ಕು ಮಗ್ಗ, ಮಗ್ಗದ ಹಿಂದೆ ಒಲೆ, ಒಲೆಯ ಹಿಂದೆ ಸಂಸಾರ ಇದ್ದೇ ಇರುತ್ತದೆ. ಆದರೂ ಸೋನಾಲಿ ಎಂಬವಳು ಒಮ್ಮೆ ಕೈ ತಡೆದು, ಅವರ ಮೇಲ್ವಿಚಾರಣೆಗಿದ್ದ ನನ್ನನ್ನು ಕೇಳಿದಳು.

"ಅಕ್ಕಾ, ಬರೇ ತಗಡು ಕಂಡ್ರೂ ಮನಿ ಅಂತ ಹಾಕೂದೇನ್ರಿ? ಕೆಳಗ ಏನೈತಿ ಅಂತ ಯಾರಿಗೊತ್ತು?"

"ತಗಡು ಕಂಡ್ರ ಮನಿ. ತಲಿ ಓಡಸಬ್ಯಾಡ, ಕೈ ಓಡಸು," ಎಂದು ಗದರಿಸಿದೆ. ಅಷ್ಟಕ್ಕೇ ಬಿಡಲಿಲ್ಲ, ಅದನ್ನೇ ನಿಯಮವೆಂದು ಬರೆದು ಗೋಡೆಗೆ ಅಂಟಿಸಿದೆ.

ಈ ವರ್ಷ ಗಡಹಿಂಗ್ಲಜ ಸೀಮೆಯ ಫೋಟೋಗಳು ಬಂದವು. ಯಂತ್ರ ಬರೆದ ನಕಾಶೆಯನ್ನು ತಪಾಸಣೆ ಮಾಡುವ ಕೆಲಸ ನನ್ನದು. ಹಳ್ಳ, ಬಾವಿ, ಕಬ್ಬು ದಾಟಿ ನಮ್ಮ ಹೊಲಕ್ಕೆ ಬಂದೆ. ಮೂಲೆಯಲ್ಲಿ ಒಂದು ಕೆಂಪು ಚೌಕ, ಅದರ ಪಕ್ಕ ಯಂತ್ರದ ಬರಹ: ಮನೆ, ಶೇಕಡಾ ತೊಂಬತ್ತಾರು ಖಾತ್ರಿ.

ಕಾಕಾನ ಆಟ ಆಗ ತಲೆಗೆ ಹೊಳೆಯಿತು. ನಕಾಶೆಯಲ್ಲಿ ಮನೆ ಬಂದರೆ ಪಂಚಾಯತಿಯವರು ಸ್ಥಳಕ್ಕೆ ಬರುತ್ತಾರೆ, ಒಳಗೆ ಯಾರು ವಾಸವಿದ್ದಾರೋ ಅವರ ಹೆಸರಿಗೆ ಮನೆ ನಂಬರು ಬರೆಯುತ್ತಾರೆ. ಅವನು ಹೋಗಿ ಒಳಗೆ ಕೂತರೆ ಮೂರು ಗುಂಟೆ ಅವನದಾಗುತ್ತದೆ. ಇದನ್ನೆಲ್ಲ ಅವನಿಗೆ ಹೇಳಿಕೊಟ್ಟವರು ಯಾರು ಗೊತ್ತೆ? ನಾನೇ. ಅವನು ತಗಡು ಹೊದಿಸುವುದಕ್ಕೆ ಮುಂಚೆ ಚಂದಗಡದಲ್ಲೊಂದು ಮದುವೆಯ ಪಂಕ್ತಿಯಲ್ಲಿ ಕೂತು, ನಾನು ಯಂತ್ರಕ್ಕೆ ಕಲಿಸುವ ಮಾಸ್ತರಿಣಿ ಎಂದು ಜಂಬ ಕೊಚ್ಚುತ್ತ, ತಗಡಿನ ನಿಯಮವನ್ನೂ ಸೇರಿಸಿ ಹೇಳಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ನಮ್ಮ ಸಾಹೇಬ ಕುಣಾಲ ಸರ್ ಹತ್ತಿರ ಹೋದೆ. "ಇದು ಮನಿ ಅಲ್ರಿ ಸರ್, ನಮ್ಮ ಅಪ್ಪನ ಸಮಾಧಿ. ಅಳಸ್ತೀನಿ."

"ಪುರಾವಾ ಎಲ್ಲೈತ್ರಿ?" ಎಂದು ಅವರು ಸ್ಕ್ರೀನಿನಿಂದ ಕಣ್ಣೆತ್ತದೆ ಕೇಳಿದರು. "ನಿಮ್ಮ ಸ್ವಂತ ಹೊಲ ಅಂದಮ್ಯಾಲ ನೀವು ಮುಟ್ಟಾಂಗಿಲ್ಲ. ಸ್ಥಳದ ಫೋಟೋ ತರ್ರಿ, ನಾ ಅಳಸ್ತೀನಿ."

ಸೋಮವಾರ ಬೆಳಗಿನ ಬಸ್ಸಿಗೆ ಊರಿಗೆ ಹೋಗಿ ಅವ್ವನನ್ನು ಕರೆದುಕೊಂಡು ಹೊಲಕ್ಕೆ ನಡೆದೆ. ಹಿಂದಿನ ಸೋಮವಾರ ಇಲ್ಲದ ತಗಡಿನ ಗೋಡೆ ಮೂರು ಕಡೆಗೂ ಎದ್ದಿತ್ತು. ಒಳಗೆ ಸಮಾಧಿಯ ಕಟ್ಟೆಗೆ ಅಡ್ಡಲಾಗಿ ಮಂಚ ಹಾಕಿ, ಅದರ ಮೇಲೆ ಕಾಕಾ ಕಾಲು ಚಾಚಿ ಮಲಗಿದ್ದ.

"ಕಾಕಾ, ಕಾಟ್ ತಗೀರಿ. ಕೆಳಗ ನಿಮ್ಮ ಅಣ್ಣ ಅದಾನ."

"ಅಣ್ಣನ್ನ ಕಾಯಾಕತ್ತೇನಿ."

"ಕಾಯಾಕತ್ತಿಲ್ಲ ನೀ, ನುಂಗಾಕತ್ತಿ! ನಕಾಶೆದಾಗ ಇದು ಮನಿ ಅಂತ ಬಂದೈತಿ!"

ಅವನು ಎದ್ದು ಕೂತು ನಕ್ಕ. "ಮನಿ ಅಂದಾಂವ ನಾ ಅಲ್ಲವ್ವಾ, ನಿನ್ನ ಮಷೀನು. ನೀನ ಕಲಿಸೀದಿ ಅಂತ ಲಗ್ನದಾಗ ಹೇಳ್ಕೋತ ತಿರುಗ್ತಿದ್ದೆಲ್ಲ?"

"ಹಂಗಾರ ನಾಳೆ ಅವ್ವನ್ನ ಎಲ್ಲಿಡೂದು?" ಎಂದು ಕೇಳಿದೆ.

"ಊರ ಸ್ಮಶಾನ ಐತಿ. ಮನಿ ಬಾಜೂಕ ಯಾರರ ಹೆಣ ಹುಗಿತಾರೇನು?"

ಅವ್ವ ಐದು ಹೆಜ್ಜೆ ಆಚೆ ದೀಪದ ತಟ್ಟೆ ಹಿಡಿದು ನಿಂತಿದ್ದಳು. ಅವಳೆದುರಿಗೇ ಹೆಣ ಎಂದ. ಕೈಗೆ ಕುಡಗೋಲು ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಮೊಬೈಲು ತೆಗೆದು ಪಟಪಟ ನಾಲ್ಕು ಫೋಟೋ ಹೊಡೆದೆ.

"ಅವ್ವಾ, ಇಷ್ಟು ಕಳಿಸಿದ್ರ ಸಾಕು, ಮನಿ ಅಳಿಸಿ ಹೋಕ್ಕೈತಿ."

"ಅಳಿಸಿ ಏನಂತ ಬರಿತಾರ? ನಿಮ್ಮಪ್ಪನ ಸಮಾಧಿ ಅಂತನೇನು?"

ನಾನು ಸುಳ್ಳು ಹೇಳಲಾರದೆ ಹೋದೆ. ಹೊಲದೊಳಗಿನ ಸಮಾಧಿಗೆ ನಮ್ಮ ಪಟ್ಟಿಯಲ್ಲಿ ಗುರುತೇ ಇಲ್ಲ. ನಾವು ಅದನ್ನು ಯಂತ್ರಕ್ಕೆ ಕಲಿಸಿಯೇ ಇಲ್ಲ. "ಖಾಲಿ ಜಾಗಾ ಅಂತ ಬರ್ತೈತಿ," ಎಂದೆ.

"ಖಾಲಿ?" ಅವ್ವ ನನ್ನ ಮುಖವನ್ನೇ ನೋಡಿದಳು. "ಅವರು ಅಲ್ಲಿ ಇದ್ರೂ ಖಾಲಿ? ಇವತ್ತ ಮನಿ ಅಂತ ನುಂಗಾವ, ನಾಳೆ ಖಾಲಿ ಅಂತ ನುಂಗೂದಿಲ್ಲೇನು?"

ತಟ್ಟೆಯನ್ನು ನನ್ನ ಕೈಗಿಟ್ಟು ಸೀದಾ ಒಳಗೆ ಹೋದಳು. ಅಪ್ಪನ ಪಕ್ಕದಲ್ಲಿ, ತನ್ನದೆಂದು ತಟ್ಟುತ್ತಿದ್ದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಮನಿ ಅಂದ್ರಲಾ, ಆತು, ಮನೀನ. ಯಾರ ಮನಿ? ನನ್ನ ಗಂಡಂದು. ದಾದಾ, ನಿನ್ನ ಕಾಟ್ ಒಯ್ಯಿ."

ಕಾಕಾ ಕೂಗಾಡಿದ, ತಗಡಿಗೆ ಒದ್ದ, ನಮ್ಮ ವಂಶವನ್ನೆಲ್ಲ ಎತ್ತಿ ಬೈದ. ಅಕ್ಕಪಕ್ಕದ ಹೊಲದವರು ಕಬ್ಬು ಕಡಿಯುವುದನ್ನು ಬಿಟ್ಟು ಬಂದು ನಿಂತರು. ಎಂಥ ಹರಾಮಿಯಾದರೂ ನಾಲ್ಕು ಮಂದಿಯ ಎದುರಿಗೆ ಹಿರಿಯ ಅತ್ತಿಗೆಯ ಮೈಗೆ ಕೈ ಹಚ್ಚುವ ಧೈರ್ಯ ಅವನಿಗಿರಲಿಲ್ಲ. ಬೈಯುತ್ತಲೇ ಕಾಟು ಹೊತ್ತುಕೊಂಡು ಹೋದ. ನಕಾಶೆಯಲ್ಲಿ ಅದು ಮನೆಯಾಗಿಯೇ ಉಳಿಯಲಿ ಎಂದು ನಾನು ಅಲ್ಲೇ ನಿಂತು ಫೋಟೋಗಳನ್ನು ಅಳಿಸಿದೆ.

ಅವ್ವ ಅಲ್ಲಿಂದ ಏಳಲಿಲ್ಲ. ಊರಲ್ಲಿರುವ ನನ್ನ ಅಣ್ಣನ ಮನೆಯಿಂದ ಸ್ಟೋವು, ಹಾಸಿಗೆ, ಕೊಡ ಬಂದವು. ಹತ್ತನೆಯ ದಿನ ಪಂಚಾಯತಿಯ ಗ್ರಾಮಸೇವಕ ತಾನಾಜಿ ನಕಾಶೆ ಹಿಡಿದು ಬಂದ. ನಾನು ರಜೆ ಹಾಕಿ ಅಲ್ಲೇ ಇದ್ದೆ.

"ಅಜ್ಜಿ, ಈ ಮನ್ಯಾಗ ಎಷ್ಟು ಮಂದಿ ಇರ್ತೀರಿ?"

"ಇಬ್ಬರು. ಅವರು ಕೆಳಗ ಕುಂತಾರ, ನಾ ಮ್ಯಾಲ ಕುಂತೇನಿ."

"ಸತ್ತಾಂವ ವಾಸ ಮಾಡ್ತಾನೇನ್ರಿ ಸಾಹೇಬ?" ಎಂದು ಕಾಕಾ ಬಾಗಿಲಲ್ಲಿ ಕಿರುಚಿದ. "ತಗಡು ನಂದ್ರಿ!"

"ತಗಡು ಯಾರ್ದರ ಇರ್ಲಿ. ನಕಾಶೆದಾಗ ಮನಿ ಐತಿ, ಒಳಗ ಈ ಅಜ್ಜಿ ಅದಾಳ," ಎಂದು ತಾನಾಜಿ ಅವ್ವನ ಹೆಸರು ಬರೆದುಕೊಂಡ. ಏಳುವಾಗ ತಗ್ಗಿದ ದನಿಯಲ್ಲಿ ಹೇಳಿದ. "ಪ್ರತಿ ವರ್ಷ ಬಂದು ನೋಡ್ತೀವ್ರಿ. ಯಾರಿರ್ತಾರ, ಅವರ ಹೆಸರ."

ಕಾಕಾ ಅದನ್ನೂ ಕೇಳಿಸಿಕೊಂಡ. ಈಗ ದಿನಾ ಸಂಜೆ ಬದುವಿನ ಮೇಲೆ ಬಂದು ಕೂತು ಬಾಗಿಲನ್ನೇ ನೋಡುತ್ತಾನೆ, ಮುದುಕಿ ಯಾವಾಗ ಹೊರಬೀಳುತ್ತಾಳೆಂದು. ಕೊಲ್ಹಾಪುರಕ್ಕೆ ಬಾ, ನಾಲ್ಕು ದಿನ ಇದ್ದು ಹೋಗು ಎಂದರೆ ಅವ್ವ ಒಲ್ಲೆನೆಂದು ತಲೆಯಾಡಿಸಿ ಬಿಡುತ್ತಾಳೆ. ಮೊನ್ನೆ ಅವಳಿಗೆ ಜ್ವರ ಬಂದಿತ್ತು, ಆಸ್ಪತ್ರೆಗೂ ಬರಲಿಲ್ಲ. ಸತ್ತ ಮೇಲೆ ಸಿಗಬೇಕಾದ ಜಾಗವನ್ನು ಉಳಿಸಿಕೊಳ್ಳಲು ನನ್ನ ಅವ್ವ ಬದುಕಿರುವಾಗಲೇ ಅಲ್ಲಿ ಹೋಗಿ ಕೂತಿದ್ದಾಳೆ, ಸಾಯುವವರೆಗೆ ಏಳುವ ಹಾಗಿಲ್ಲ.