ಹೊತ್ತೈತೇನವಾ?

ಅತ್ತೆಯ ತುಟಿಯ ಮೂಲೆಯಲ್ಲಿ ಒಂದು ಹರಳು ಸಕ್ಕರೆ, ಟ್ಯೂಬ್‌ಲೈಟಿಗೆ ಮಿಣ್ಣಗೆ ಹೊಳೆಯುತ್ತಿದೆ, ಒರೆಸಬೇಕು, ಕೈ ಏಳುತ್ತಿಲ್ಲ, ಚಮಚ ಇನ್ನೂ ಬೆರಳ ನಡುವೆಯೇ ಇದೆ, ನನ್ನ ಸೀರೆಯ ನೆರಿಗೆಗೆಲ್ಲ ಸಕ್ಕರೆ ನೀರು ಚೆಲ್ಲಿ ಅಂಟಂಟು — ಇರುವೆ ಬರುತ್ತವೆ, ಬರಲಿ, ನಾಳೆ ನೋಡಿದರಾಯಿತು. ಅತ್ತೆ ಉಸಿರಾಡುತ್ತಿದ್ದಾಳೆ. ದಿಂಬಿಗೆ ಒರಗಿಸಿದ್ದೇನೆ, ಕಣ್ಣು ಅರೆ ಮುಚ್ಚಿವೆ, ಹಣೆಯ ಬೆವರು ಆರುತ್ತಿದೆ, ಆರುತ್ತಿದೆ ತಾನೇ, ಮುಟ್ಟಿ ನೋಡಿದೆ, ಹೂಂ, ಆಗಿನಷ್ಟು ತಣ್ಣಗಿಲ್ಲ. ಇನ್ನೊಮ್ಮೆ ಬೆರಳು ಚುಚ್ಚಿ ಮಷಿನ್ನಿನಲ್ಲಿ ನೋಡಬೇಕು, ಯಾವ ಬೆರಳು ಉಳಿದಿದೆ ಈ ಕೈಯಲ್ಲಿ, ದಿನಾ ಬೆಳಗಾದರೆ ಇದೇ ಕೆಲಸ, ಬೆರಳು ಚುಚ್ಚು, ಇನ್ಸುಲಿನ್ ಸೂಜಿ ಹಾಕು, ಬಿಸಿನೀರಿನಲ್ಲಿ ಪಾದ ತೊಳೆದು ಬೆರಳ ಸಂದಿಯಲ್ಲಿ ತೇವ ಉಳಿಯದಂತೆ ಒರೆಸು, ಹಿಮ್ಮಡಿಯ ಬಿರುಕಿಗೆ ಕೊಬ್ಬರಿ ಎಣ್ಣೆ ಹಚ್ಚು, ತೋಳಿಗೆ ಬಿಪಿ ಪಟ್ಟಿ ಕಟ್ಟು, ಅದು ಗುಂಯ್ ಎಂದು ಬಿಗಿಯುವಾಗ ಸಾಕ ಬಿಡಬೇ, ತೋಳ ಮುರದೀ ನೋಡ, ಎಂದು ಬೈಸಿಕೋ. ಬೈಯುವ ಬಾಯಿ ಅದು, ಹೊತ್ತು ಮುಳುಗುವತನಕ ಬೈಯುತ್ತದೆ, ಉಣ್ಣುತ್ತದೆ. ಮುಳುಗಿದ ಮೇಲೆ ಬೈಯುತ್ತದೆ, ಉಣ್ಣುವುದಿಲ್ಲ.

ಅದೇ ನೇಮ. ನಾನು ಈ ತೇರದಾಳದ ಮನೆಗೆ ಸೊಸೆಯಾಗಿ ಬರುವ ಮೊದಲೇ, ಚಾತುರ್ಮಾಸಕ್ಕೆ ಬಂದ ಜೈನ ಮುನಿ ಮಹಾರಾಜರ ಮುಂದೆ ಅತ್ತೆ ಕೈಮುಗಿದು ತೆಗೆದುಕೊಂಡದ್ದು, ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ, ಔಷಧದ ಗುಳಿಗೆಯೂ ಇಲ್ಲ. ಜಮಖಂಡಿಯ ಡಾಕ್ಟರು ರಾತ್ರಿ ಊಟಕ್ಕೆ ಮೊದಲು ಸೂಜಿ ಎಂದು ಬರೆದಾಗ ನಾನೇ ಹೇಳಬೇಕಾಯಿತು, ನಮ್ಮ ಮನ್ಯಾಗ ರಾತ್ರಿ ಊಟಾನ ಇಲ್ರಿ ಡಾಕ್ಟರ, ಸಂಜೀಕ ಮುಗೀತೈತಿ. ಅವರು ಪೆನ್ನು ಕೆಳಗಿಟ್ಟರು. ಹಂಗಾರ ಸಂಜೀಕ ಹಾಕ್ರಿ, ಆದ್ರ ನೋಡ್ರಿ ತಂಗೀ, ಸೂಜಿ ಹಾಕಿದ ಮ್ಯಾಲ ಊಟ ತಪ್ಪಬಾರದು, ತಪ್ಪಿದ್ರ ಸಕ್ಕರಿ ಪೂರಾ ಇಳೀತೈತಿ, ಬೆವರ ಬಂತು, ಕೈ ನಡುಗಿದುವು, ಮಾತ ಹಳಿ ತಪ್ಪಿತು ಅಂದ್ರ ಯಾರ ದಾರೀನೂ ನೋಡಬ್ಯಾಡ್ರಿ, ನುಂಗೂವಷ್ಟು ಎಚ್ಚರ ಇರೂತನಾ ಸಕ್ಕರಿ ನೀರು ಕುಡಸ್ರಿ, ಹಿಂದ ಊಟ ಹಾಕ್ರಿ. ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡು, ಬರುವಾಗ ಬಸ್ಸಿನಲ್ಲಿ, ನೇಮಾ ಮಾತ್ರ ಮುರೀಬ್ಯಾಡವಾ, ಕಣ್ಣ ಹೋದ್ವು, ಅದೊಂದ ಉಳದೈತಿ, ಎಂದಳು. ಕಣ್ಣು ಹೋಗಿವೆ ನಿಜ, ಕತ್ತಲು ಬೆಳಕು ಅಷ್ಟು ತಿಳಿಯುತ್ತದೆ, ಸಂಜೆಯೋ ಮೋಡವೋ ತಿಳಿಯುವುದಿಲ್ಲ. ಅದಕ್ಕೇ ದಿನಾ ತಾಟಿನ ಮುಂದೆ ಕೂತು ಕೇಳುತ್ತಾಳೆ, ಹೊತ್ತೈತೇನವಾ? ನಾನು ಹಿತ್ತಿಲ ಬಾಗಿಲಿಗೆ ಹೋಗಿ ನೋಡಿ ಬಂದು ಹೇಳಬೇಕು, ಐತ್ರಿ ಅತ್ತಿ. ಆಮೇಲೇ ರೊಟ್ಟಿ ಮುರಿಯುತ್ತಾಳೆ. ಗಂಡನ ಮಾತು ನಂಬಲಿಲ್ಲ, ಮಗನ ಮಾತಂತೂ ಕೇಳುವುದೇ ಇಲ್ಲ, ಈ ಒಂದು ವಿಷಯಕ್ಕೆ ನನ್ನ ಬಾಯಿಯೇ ಅವಳ ಕಣ್ಣು.

ಇವತ್ತು ಸೂಜಿ ಹಾಕಿದೆ, ಹೆಂಚಿಟ್ಟೆ, ಹಿಟ್ಟು ನಾದಿದೆ, ಮೊದಲನೇ ರೊಟ್ಟಿ ಬಡಿಯುವಷ್ಟರಲ್ಲಿ ಗ್ಯಾಸು ಬುಸ್ಸೆಂದು ಆರಿತು. ಅಯ್ಯ ನಿನ್ನ, ಇವತ್ತೇ ಆರಬೇಕಾ, ಈ ಹೊತ್ತಿಗೇ ಆರಬೇಕಾ. ಗೋಡೆಯಾಚೆಯಿಂದ ಸುಂದರವ್ವ ಕೇಳಿದಳು, ಏನಾತ ಬೇ ಉಜ್ವಲಾ, ಯಾರಿಗೆ ಬೈಯಾಕತ್ತಿ? ಗ್ಯಾಸ್ ತೀರ್ತ ಯಕ್ಕಾ, ಅತ್ತೀಗೆ ಸೂಜಿ ಹಾಕೇನಿ. ನಮ್ಮನ್ಯಾಗ ಬಿಸಿ ರೊಟ್ಟಿ ಅದಾವು, ಒಯ್ಯಿ, ಎನ್ನುತ್ತಲೇ ನಾಲಿಗೆ ಕಚ್ಚಿಕೊಂಡಳು, ಪಾಪ, ಬೀರಪ್ಪನ ಒಕ್ಕಲು, ನಮ್ಮವಳಲ್ಲ, ಆದರೂ ನಮ್ಮ ಆಚಾರ ಎಲ್ಲಾ ಅವಳಿಗೆ ಬಾಯಿಪಾಠ, ಅಲ್ಲಲ್ಲ, ನಮ್ಮ ಹೆಂಚಿಗೆ ಉಳ್ಳಾಗಡ್ಡಿ ಹತ್ತೇತಿ, ನಿನ್ನ ಹೆಂಚ ತಗೊಂಡ ಬಾ, ಒಲಿ ಉರಿಯಾಕತ್ತೇತಿ, ಬಡಕೊಂಡ ಹೋಗು. ಹೋದೆ. ಒಂದು ಬಾಳೆಹಣ್ಣು ಅತ್ತೆಯ ಕೈಗೆ ಕೊಟ್ಟು ಹೋಗಬೇಕಿತ್ತು, ಹೊಳೆಯಲೇ ಇಲ್ಲ, ಎರಡು ರೊಟ್ಟಿ ಎಷ್ಟು ಹೊತ್ತಿನ ಮಾತು ಅನಿಸಿತು, ತಣ್ಣನೆಯ ಹೆಂಚು ಕಾಯಲು ತಡವಾಯಿತು, ಮೊದಲನೆಯದು ಹರಿಯಿತು, ಚಳಿಗಾಲದ ಹೊತ್ತು ನನಗೆ ಕಾಯುತ್ತದಾ. ಓಡಿ ಬಂದು ತಾಟಿಗೆ ರೊಟ್ಟಿ ಹಾಕಿ ಹೆಸರುಬೇಳೆ ಬಡಿಸಿದೆ. ಹೊತ್ತೈತೇನವಾ? ದಿನದ ಹಾಗೆ ಬಾಗಿಲಿಗೆ ಹೋದೆ, ನೋಡಿದೆ, ಕಬ್ಬಿನ ಗದ್ದೆಯ ಮೇಲೆ ಬರೀ ಕೆಂಪು ಉಳಿದಿತ್ತು, ಮತ್ತು ದಿನದ ಹಾಗೆಯೇ ಬಾಯಿ ಖರೆ ಹೇಳಿಬಿಟ್ಟಿತು, ಮುಳಗೇತ್ರಿ ಅತ್ತಿ. ಯಾಕೆ ಹೇಳಿದೆ, ದಣಿದವಳ ಬಾಯಿಗೆ ಸುಳ್ಳೂ ಬೇಗ ಬರುವುದಿಲ್ಲ. ಅತ್ತೆ ತಾಟು ಸರಿಸಿದಳು. ಇರಲಿ ಬಿಡವಾ, ನಾಳೆ ಉಂಡರಾತು.

ಕಾಲು ಹಿಡಿದೆ, ಬೇಡಿದೆ, ಕೂಗಾಡಿದೆ, ಸೂಜಿ ಹಾಕೇನ್ರಿ ಅತ್ತಿ, ಜೀವಕ್ಕ ಕುತ್ತ ಬರತೈತಿ. ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಕೂತಳು, ತುಟಿ ಬಿಗಿಹಿಡಿದು. ಇವರಿಗೆ ಫೋನ್ ಹಚ್ಚಿದೆ, ಬನಹಟ್ಟಿಯ ಮಗ್ಗದ ಶೆಡ್ಡಿನಿಂದ ಹೊರಟಿದ್ದರು, ಕಬ್ಬಿನ ಟ್ರ್ಯಾಕ್ಟರ್ ಸಾಲಾಗಿ ನಿಂತಾವು, ಗಾಡಿ ಮುಂದ ಹೋಗವಲ್ದು, ಅವ್ವಗ ನೀನ ಹೇಳು, ನಿನ್ನ ಮಾತ ಕೇಳ್ತಾಳ. ನನ್ನ ಮಾತು ಕೇಳಿಯೇ ಹೀಗಾಗಿದ್ದು ಮಾರಾಯರೇ. ಅಷ್ಟರಲ್ಲಿ ಣಮೋಕಾರ ತೊದಲತೊಡಗಿತು, ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ, ಮತ್ತೆ ಅರ್ಧಕ್ಕೆ, ಕೈ ಗಡಗಡ, ಕುಪ್ಪಸ ತೊಯ್ದು ಹೋಗಿದೆ. ಅತ್ತೀ, ನಾ ಯಾರ ಹೇಳ್ರಿ? ನೀ ನಮ್ಮ ಹುನ್ನೂರ ಕಾಕಿ, ಅಂದಳು. ಹುನ್ನೂರ ಕಾಕಿ ಸತ್ತು ಯಾವ ಕಾಲವಾಯಿತು. ಡಬ್ಬಿ ಬಗ್ಗಿಸಿದೆ, ಲೋಟಕ್ಕೆ ಸಕ್ಕರೆ, ನೀರು, ಕರಗಿತೋ ಇಲ್ಲವೋ, ಚಮಚ ತುಟಿಗೆ ಹಿಡಿದೆ, ತುಟಿ ತೆರೆಯಲಿಲ್ಲ. ಹೆಸರು ಮರೆತಿದೆ, ಸೊಸೆ ಮರೆತಿದೆ, ನೇಮ ಮರೆತಿಲ್ಲ. ಆ ನಡುಗುವ ತುಟಿಯಿಂದಲೇ ಬಂತು, ಹೊತ್ತೈತೇನವಾ?

ಐತ್ರಿ, ಅಂದೆ. ಐತ್ರಿ ಅತ್ತಿ, ಇನ್ನ ಬಿಸಲ ಐತಿ, ಕುಡೀರಿ.

ಬಾಯಿ ತೆರೆದಳು. ಗುಬ್ಬಿಮರಿಯ ಹಾಗೆ ತೆರೆದಳು, ಒಂದು ಚಮಚ, ನುಂಗಿದಳು, ಇನ್ನೊಂದು, ಅರ್ಧ ನನ್ನ ಮಡಿಲಿಗೆ, ಅರ್ಧ ಒಳಗೆ, ನಾನು ಅಳುತ್ತಿದ್ದೆನಾ, ಇದ್ದಿರಬೇಕು, ಮೂಗು ಕಟ್ಟಿದೆ. ಪಾಪ ಬಂದರೆ ನನಗೇ ಬರಲಿ, ಅವಳ ಕಡೆ ಹೋಗದಿರಲಿ. ಸಾಕಾಗಿದೆ ನನಗೆ, ಖರೆಯೂ ಸಾಕಾಗಿದೆ, ಸುಳ್ಳೂ ಸಾಕಾಗಿದೆ, ಇಲ್ಲೇ ಈ ಗೋಡೆಗೆ ತಲೆ ಕೊಟ್ಟು ಮಲಗಿಬಿಡಬೇಕು ಅನಿಸುತ್ತದೆ — ಆದರೆ ತಾಟು ಇಲ್ಲೇ ಇದೆ, ರೊಟ್ಟಿ ಆರಿದೆ, ಹಿಂದೆಯೇ ಊಟ ಹೋಗಬೇಕು ಎಂದಿದ್ದಾರೆ, ಇಲ್ಲದಿದ್ದರೆ ಮತ್ತೆ ಇಳಿಯುತ್ತದಂತೆ. ಕಣ್ಣು ತೆರೆದಳು. ಅತ್ತೀ, ನಾ ಯಾರ? ಉಜ್ವಲಾ ಅಲ್ಲೇನ, ಹುಚ್ಚಿ, ಹಂಗ್ಯಾಕ ಕೇಳ್ತಿ. ಬಂದಳು, ಪೂರ್ತಿ ಬಂದಳು, ದೇವರೇ. ನಾಲಿಗೆ ಮೆಲ್ಲಗೆ ತುಟಿಯ ಮೂಲೆಗೆ ಹೋಯಿತು, ಹರಳಿಗೆ ತಾಗಿತು, ಅಲ್ಲೇ ನಿಂತಿತು. ಕಿಟಕಿ ಕಡೆ ತಿರುಗಿದಳು, ಕಪ್ಪು ಕಿಟಕಿ, ಮೇಲೆ ಟ್ಯೂಬ್‌ಲೈಟಿನ ಕಡೆ ನೋಡಿದಳು, ಅಷ್ಟು ಕತ್ತಲು ಬೆಳಕು ತಿಳಿಯುತ್ತದೆ ಆ ಕಣ್ಣಿಗೆ. ನಾಲಿಗೆ ಒಳಗೆ ಹೋಯಿತು. ಈಗ ಬೈಯುತ್ತಾಳೆ, ಬೈಯಲಿ, ಎದೆ ಬಡಿದುಕೊಂಡು ಅಳಲಿ, ಇನ್ನು ಸಾಯುವತನಕ ನನ್ನ ಕೇಳದಿರಲಿ. ಕಿಟಕಿಗೆ ಬೆನ್ನು ಮಾಡಿ ಗೋಡೆಯ ಕಡೆ ಹೊರಳಿದಳು, ನನ್ನ ಮೊಣಕೈ ತಡಕಿ ಹಿಡಿದಳು, ಮೆಲ್ಲಗೆ ಕೇಳಿದಳು, ಹೊತ್ತೈತೇನವಾ? ಐತ್ರಿ ಅಂದೆ, ನನಗೇ ಕೇಳಿಸಲಿಲ್ಲ. ನೀ ಹೇಳಿದ್ಯಲ್ಲ, ಆತು, ತಾ, ಎಂದು ಬಾಯಿ ತೆರೆದಳು, ನನ್ನ ಕೈಯಲ್ಲಿ ರೊಟ್ಟಿಯ ಚೂರು, ಮುಂದೆ ತೆರೆದ ಬಾಯಿ, ಮತ್ತು ತುಟಿಯ ಮೂಲೆಯಲ್ಲಿ, ಒರೆಸಿಕೊಳ್ಳದೆ ಬಿಟ್ಟ ಆ ಒಂದು ಹರಳು ಸಕ್ಕರೆ, ಇನ್ನೂ ಹೊಳೆಯುತ್ತಿದೆ.